ಸನ್ಮಾನ್ಯ ಮೆಂಬರ್ ಫಂಕ್ಷನ್ ಪಾಯಿಂಟರ್ ಅವರ ಸನ್ನಿಧಾನಕ್ಕೆ

ವಿಷಯ: ಡೀಬಗ್ ಮಾಹಿತಿಯಲ್ಲಿ ತಮ್ಮ ನಿಜಸ್ವರೂಪದ ದರ್ಶನ ದಯಪಾಲಿಸುವ ಬಗ್ಗೆ.

ಮಹಾಸ್ವಾಮಿ,

ಸಿ++ ಭಾಷೆಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವ ಒಬ್ಬ ಪ್ರೋಗ್ರಾಮರ್ ತಮ್ಮ ಪಾದಕ್ಕೆರಗಿ ಮಾಡಿಕೊಳ್ಳುವ ಬಿನ್ನಹ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಪಾಯಿಂಟರ್ ಕುಲದಲ್ಲಿ ತಮ್ಮಷ್ಟು ಘನತೆ ಕಾಪಾಡಿಕೊಂಡು ಬಂದವರು ಇನ್ನೊಬ್ಬರಿಲ್ಲ. ಉಳಿದ ಪಾಯಿಂಟರ್‌ಗಳು ಬಡಪಾಯಿಗಳು. ಒಡಲಲ್ಲಿ ಒಂದು ಮೆಮೊರಿ ವಿಳಾಸ ಇಟ್ಟುಕೊಂಡು, ಯಾರು ಕೇಳಿದರೂ ಹೇಳಿಬಿಡುತ್ತವೆ. ಒಂದು ಕ್ಲಾಸಿನ ಯಾವ ಫಂಕ್ಷನ್ನನ್ನು ಕರೆಯಬೇಕು ಎಂಬುದನ್ನು ನೆನಪಿಟ್ಟುಕೊಂಡು, ಆಬ್ಜೆಕ್ಟ್ ಎದುರಿಗೆ ಬಂದಾಗ ಅದರ ಮೇಲೆ ಆ ಫಂಕ್ಷನ್ ನಡೆಸಿಕೊಡುವುದು ತಮ್ಮ ಉದ್ಯೋಗ. ಕೆಲಸ ಇಷ್ಟೇ. ಇಷ್ಟನ್ನೇ ಇಷ್ಟು ನಿಗೂಢವಾಗಿ ಮಾಡಿಕೊಂಡು ಬಂದ ತಮಗೆ ಮೊದಲಿಗೆ ದೀರ್ಘದಂಡ ನಮಸ್ಕಾರ.

ತಮ್ಮನ್ನು ಬರಮಾಡಿಕೊಳ್ಳುವ ಶಾಸ್ತ್ರವನ್ನೇ ನೋಡಿ. ಆವರಣ ತೆರೆಯಬೇಕು, ಕ್ಲಾಸಿನ ಹೆಸರು ಹೇಳಬೇಕು, ಎರಡು ಜೋಡಿ ಚುಕ್ಕೆ ಇಡಬೇಕು, ನಕ್ಷತ್ರ ಇಡಬೇಕು, ಆಮೇಲೆ ತಮ್ಮ ನಾಮಧೇಯ. ಆವರಣ ಮುಚ್ಚಿದ ಮೇಲೆ ಮತ್ತೊಂದು ಆವರಣದಲ್ಲಿ ನೈವೇದ್ಯದ ಪಟ್ಟಿ. ಫಂಕ್ಷನ್ನಿನ ವಿಳಾಸ ಹಿಡಿದು ತಮಗೆ ಒಪ್ಪಿಸುವಾಗ, ಅದೇ ಕ್ಲಾಸಿನೊಳಗೆ ನಿಂತಿದ್ದರೂ ಕ್ಲಾಸಿನ ಪೂರ್ತಿ ಹೆಸರು ಹೇಳಲೇಬೇಕು; ಮನೆಯವರೆಂಬ ಸಲಿಗೆ ನಡೆಯುವುದಿಲ್ಲ. ಕರೆಯುವಾಗ ಚುಕ್ಕೆ-ನಕ್ಷತ್ರ ಅಥವಾ ಬಾಣ-ನಕ್ಷತ್ರ ಇಟ್ಟು, ಅಷ್ಟಕ್ಕೂ ಸೇರಿಸಿ ಹೊರಗೊಂದು ಆವರಣ ತೊಡಿಸಬೇಕು. ಫಂಕ್ಷನ್ ಕರೆಯ ಆವರಣಕ್ಕೆ ಈ ನಕ್ಷತ್ರಗಳಿಗಿಂತ ಹೆಚ್ಚಿನ ಆದ್ಯತೆ ಇರುವುದರಿಂದ, ಹೊರ ಆವರಣ ಮರೆತರೆ ಕಂಪೈಲರ್ ಮಹಾಶಯರು ಪುಟಗಟ್ಟಲೆ ಮಂಗಳಾರತಿ ಎತ್ತುತ್ತಾರೆ. ಭಕ್ತರ ಏಕಾಗ್ರತೆ ಕೆಡದಿರಲೆಂದು ತಾವು ಮಾಡಿರುವ ಈ ಏರ್ಪಾಡಿಗೆ ನಾವು ಚಿರಋಣಿಗಳು.

ಇನ್ನು ತಮ್ಮ ಗಾತ್ರ. 64 ಬಿಟ್ ಯಂತ್ರದಲ್ಲಿ ಉಳಿದ ಪಾಯಿಂಟರ್‌ಗಳು 8 ಬೈಟಿನಲ್ಲಿ ಸಂಸಾರ ಸಾಗಿಸುತ್ತಿರುವಾಗ ತಾವು 16 ಬೈಟ್ ಹರಡಿಕೊಂಡು ವಿರಾಜಮಾನರಾಗಿದ್ದೀರಿ. ಮೊದಲ ಅರ್ಧ ಫಂಕ್ಷನ್ನಿಗೆ, ಎರಡನೆಯ ಅರ್ಧ ಹೊಂದಾಣಿಕೆಗೆ. ಹೊಂದಾಣಿಕೆ ಏಕೆಂದು ಕೇಳುವ ಉದ್ಧಟತನ ನನ್ನದಲ್ಲ, ಕಾರಣ ನ್ಯಾಯವಾದದ್ದೇ. ಒಂದು ಕ್ಲಾಸು ಎರಡು ಮೂಲ ಕ್ಲಾಸುಗಳಿಂದ ಹುಟ್ಟಿದ್ದರೆ, ಅದರ ಆಬ್ಜೆಕ್ಟಿನಲ್ಲಿ ಮೊದಲ ಮೂಲದ ಭಾಗ ಆರಂಭಕ್ಕೇ ಇರುತ್ತದೆ, ಎರಡನೆಯದರ ಭಾಗ ಕೆಲವು ಬೈಟ್ ಆಚೆಗಿರುತ್ತದೆ. ಆ ಎರಡನೆಯ ಮೂಲದ ಫಂಕ್ಷನ್ ಕರೆಯುವ ಮುನ್ನ, ಆಬ್ಜೆಕ್ಟಿನ ವಿಳಾಸ ಹೊತ್ತ ‘ದಿಸ್’ ಪಾಯಿಂಟರನ್ನು ಅಷ್ಟು ಬೈಟ್ ಸರಿಸಬೇಕು. ಎಷ್ಟು ಸರಿಸಬೇಕೆಂಬುದನ್ನು ತಾವು ಹೊತ್ತು ತಿರುಗುತ್ತೀರಿ. ಬಹುಪಾಲು ಕ್ಲಾಸುಗಳಲ್ಲಿ ಈ ಸಂಖ್ಯೆ ಸೊನ್ನೆ. ಸೊನ್ನೆಯನ್ನು ಹೊರಲು 8 ಬೈಟ್ ಮೀಸಲಿಟ್ಟ ತಮ್ಮ ದೂರದೃಷ್ಟಿಗೆ ಜೈ.

ಮೊದಲ ಅರ್ಧದಲ್ಲಾದರೂ ನೆಟ್ಟಗೆ ಒಂದು ವಿಳಾಸ ಇದೆಯೇ ಎಂದರೆ, ಅದೂ ತಮ್ಮ ಚಿತ್ತ. ಫಂಕ್ಷನ್ ಸಾಧಾರಣದ್ದಾದರೆ ವಿಳಾಸ ಇರುತ್ತದೆ. ವರ್ಚುವಲ್ ಆದರೆ, ವರ್ಚುವಲ್ ಫಂಕ್ಷನ್‌ಗಳ ವಿಳಾಸ ಪಟ್ಟಿಯಾದ ವಿಟೇಬಲ್‌ನಲ್ಲಿ ಅದು ಎಷ್ಟನೆಯ ಬೈಟಿನಲ್ಲಿದೆಯೋ ಆ ಸಂಖ್ಯೆಗೆ ಒಂದು ಕೂಡಿಸಿ ಇಟ್ಟಿರುತ್ತೀರಿ. ಹೀಗಾಗಿ ಮೊದಲ ವರ್ಚುವಲ್ ಫಂಕ್ಷನ್ 1, ಎರಡನೆಯದು 9, ಮೂರನೆಯದು 17. ಕ್ಲಾಸಿನ ಮೊದಲಲ್ಲೇ ವರ್ಚುವಲ್ ಡಿಸ್ಟ್ರಕ್ಟರ್ ಬರೆದಿದ್ದರೆ ಅದೊಬ್ಬನೇ ಎರಡು ಸ್ಥಾನ ಹಿಡಿಯುವುದರಿಂದ ಅದರ ಮರುಸಾಲಿನ ಫಂಕ್ಷನ್ನಿಗೂ 17. ಸಮಸಂಖ್ಯೆ ಕಂಡರೆ ವಿಳಾಸ, ಬೆಸಸಂಖ್ಯೆ ಕಂಡರೆ ವರ್ಚುವಲ್ ಎಂದು ನಾವು ಅರ್ಥಮಾಡಿಕೊಳ್ಳಬೇಕು. ಈ ಸಂಕೇತಕ್ಕೆ ಭಂಗ ಬಾರದಿರಲೆಂದು, ಕೋಡಿನ ಗಾತ್ರ ಕುಗ್ಗಿಸಲು ಹೇಳಿದಾಗಲೂ ಕಂಪೈಲರ್ ಮೆಂಬರ್ ಫಂಕ್ಷನ್ನುಗಳನ್ನು ಸಮ ವಿಳಾಸದಲ್ಲೇ ಕೂರಿಸುತ್ತದೆ. ತಮ್ಮೊಬ್ಬರ ಮಡಿಗಾಗಿ ಇಡೀ ಪ್ರೋಗ್ರಾಂ ದಾರಿ ಬಿಟ್ಟು ನಿಲ್ಲುವುದು ಎಂಥ ಭಾಗ್ಯ! ಮೆಮೊರಿಯಲ್ಲಿ 17 ಎಂಬ ವಿಳಾಸ ಕಂಡು ‘ಏನೋ ಕೆಟ್ಟಿದೆ’ ಎಂದು ರಾತ್ರಿಯಿಡೀ ಹುಡುಕುವ ಹೊಸ ಹುಡುಗರಿಗೆ ಈ ಭಾಗ್ಯದ ಅರಿವಿಲ್ಲ, ಕ್ಷಮಿಸಬೇಕು.

ಈ ಸಂಕೇತವನ್ನಾದರೂ ಕಂಠಪಾಠ ಮಾಡಿಕೊಂಡು ಬದುಕೋಣವೆಂದರೆ, ಆರ್ಮ್ ಪ್ರೊಸೆಸರ್ ಮೇಲೆ ತಾವು ಬೇರೆ ಅವತಾರ ತಾಳುತ್ತೀರಿ. ಅಲ್ಲಿ ಫಂಕ್ಷನ್ ವಿಳಾಸದ ಕೊನೆಯ ಬಿಟ್ಟನ್ನು ‘ಥಂಬ್’ ಎಂಬ ಚಿಕ್ಕ ಸೂಚನೆಗಳ ಗುರುತಿಗಾಗಿ ಮೊದಲೇ ಬಳಸಿಬಿಟ್ಟಿದ್ದಾರೆ. ಆದ್ದರಿಂದ ವರ್ಚುವಲ್ ಗುರುತನ್ನು ತಾವು ಎರಡನೆಯ ಅರ್ಧಕ್ಕೆ ಸಾಗಿಸಿದಿರಿ: ಹೊಂದಾಣಿಕೆಯನ್ನು ಎರಡರಿಂದ ಗುಣಿಸಿ, ವರ್ಚುವಲ್ ಆದರೆ ಒಂದು ಕೂಡಿಸುವುದು. 64 ಬಿಟ್ ಆರ್ಮ್‌ನಲ್ಲಿ ಥಂಬ್ ಇಲ್ಲವೇ ಇಲ್ಲ. ಆದರೂ ಪದ್ಧತಿ ಬಿಡಬಾರದೆಂದು ಅಲ್ಲಿಯೂ ಅದನ್ನೇ ಮುಂದುವರಿಸಿದ್ದೀರಿ. ಎರಡನೆಯ ಅರ್ಧದಲ್ಲಿ 16 ಕಂಡರೆ ಮೇಜಿನ ಮೇಲಿನ ಇಂಟೆಲ್ ಯಂತ್ರದಲ್ಲಿ ಹದಿನಾರು ಬೈಟ್ ಸರಿಸು ಎಂದರ್ಥ, ಜೇಬಿನಲ್ಲಿರುವ ಫೋನಿನಲ್ಲಿ ಎಂಟು ಬೈಟ್ ಸರಿಸು ಎಂದರ್ಥ. ಒಂದೇ ಸಂಖ್ಯೆಗೆ ಎರಡು ಅರ್ಥ ಕೊಟ್ಟ ತಮ್ಮ ಶ್ಲೇಷ ಪಾಂಡಿತ್ಯಕ್ಕೆ ತಲೆಬಾಗಿದ್ದೇನೆ.

ಇಷ್ಟೆಲ್ಲ ಕಟ್ಟಳೆ ಬರೆದಿರುವ ಗ್ರಂಥದ ಹೆಸರು ಇಟೇನಿಯಂ ಸಿ++ ಎಬಿಐ. ಬೇರೆ ಬೇರೆ ಕಂಪೈಲರ್‌ಗಳು ಹುಟ್ಟಿಸಿದ ಕೋಡ್ ಒಂದರೊಡನೊಂದು ಹೊಂದಿಕೊಂಡು ನಡೆಯಲೆಂದು ಮಾಡಿಕೊಂಡ ಕರಾರು ಅದು. 2001ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ ಇಟೇನಿಯಂ ಪ್ರೊಸೆಸರ್‌ಗಾಗಿ ಬರೆದದ್ದು. ಆ ಪ್ರೊಸೆಸರ್‌ನ ಪೂರೈಕೆ 2021ರಲ್ಲಿ ನಿಂತಿತು. ಲಿನಕ್ಸ್ ಕರ್ನೆಲ್ ಕೂಡ 6.7ನೇ ಆವೃತ್ತಿಯಲ್ಲಿ ಅದಕ್ಕೆ ತಿಲಾಂಜಲಿ ಕೊಟ್ಟಿತು. ಅದರ ಕಟ್ಟಳೆ ಮಾತ್ರ ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್‌ಗಳಲ್ಲಿ ಇಂದಿಗೂ ಜಾರಿಯಲ್ಲಿದೆ. ಸತ್ತ ಯಂತ್ರದ ಆಣೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ತಮ್ಮ ಸ್ವಾಮಿಭಕ್ತಿ ಅಪೂರ್ವ.

ವಿಂಡೋಸ್ ಸೀಮೆಯಲ್ಲಿ, ಮೈಕ್ರೋಸಾಫ್ಟ್ ಕಂಪೈಲರ್‌ನ ಆಶ್ರಯದಲ್ಲಿ ತಮ್ಮ ವೈಭವವೇ ಬೇರೆ. ಅಲ್ಲಿ 32 ಬಿಟ್ ಕಾಲದಿಂದಲೂ ತಮ್ಮ ಗಾತ್ರ ಎದುರಿಗಿರುವ ಕ್ಲಾಸಿನ ವಂಶಾವಳಿ ನೋಡಿ ತೀರ್ಮಾನವಾಗುತ್ತದೆ: ಒಂದೇ ಮೂಲದ ಕ್ಲಾಸಾದರೆ 4 ಬೈಟ್, ಹಲವು ಮೂಲದ್ದಾದರೆ 8, ವರ್ಚುವಲ್ ಮೂಲದ್ದಾದರೆ 12, ವಂಶವೇ ತಿಳಿಯದಿದ್ದರೆ 16. ಕ್ಲಾಸಿನ ಹೆಸರನ್ನಷ್ಟೇ ಮುಂಚಿತವಾಗಿ ಘೋಷಿಸಿದ ಫೈಲಿನಲ್ಲಿ ಒಂದು ಗಾತ್ರ, ಪೂರ್ತಿ ಕ್ಲಾಸು ಕಂಡ ಫೈಲಿನಲ್ಲಿ ಇನ್ನೊಂದು ಗಾತ್ರ ತಾಳಿ, ಎರಡೂ ಫೈಲುಗಳನ್ನು ಜೋಡಿಸಿದಾಗ ಪ್ರೋಗ್ರಾಂ ಕುಸಿಯುವ ಸಂಭವವನ್ನೂ ದಯಪಾಲಿಸಿದ್ದೀರಿ. 2004ರಲ್ಲಿ ಡಾನ್ ಕ್ಲಗ್‌ಸ್ಟನ್ ಎಂಬುವರು ಬೇರೆ ಬೇರೆ ಕಂಪೈಲರ್‌ಗಳಲ್ಲಿ ತಮ್ಮ ಗಾತ್ರ ಎಷ್ಟೆಷ್ಟೆಂದು ಕೋಷ್ಟಕ ಹಾಕಿ ದೀರ್ಘ ಲೇಖನವನ್ನೇ ಬರೆದರು. ಪಾಯಿಂಟರ್ ಒಂದರ ಗಾತ್ರ ಹೇಳಲು ಕೋಷ್ಟಕ ಬೇಕಾಗುವಷ್ಟು ಎತ್ತರಕ್ಕೆ ಏರಿದವರು ತಾವೊಬ್ಬರೇ.

ತಮ್ಮೊಳಗೆ ಏನಿದೆ ಎಂದು ನೇರವಾಗಿ ತಮ್ಮನ್ನೇ ಕೇಳೋಣ ಎಂಬ ದುರಾಸೆಗೂ ಬಿದ್ದೆವು. ಸಿ++ನ ಮಾಮೂಲಿ ಮುದ್ರಣ ವಿಧಾನದಲ್ಲಿ ತಮ್ಮನ್ನು ತೆರೆಗೆ ಕಳಿಸಿದರೆ ‘1’ ಎಂದು ಅಚ್ಚಾಗುತ್ತದೆ. ಯಾವ ಫಂಕ್ಷನ್ ಹೊತ್ತಿದ್ದರೂ 1. ತಾವು ಖಾಲಿ ಇಲ್ಲ, ಅಂದರೆ ‘ಹೌದು’, ಹೌದು ಎಂದರೆ 1. ಏನು ಕೇಳಿದರೂ ‘ಇದ್ದೇನೆ’ ಎಂದಷ್ಟೇ ಉತ್ತರಿಸುವ ಈ ಸಂಯಮ ಋಷಿಗಳಲ್ಲೂ ಅಪರೂಪ. ಬೇರೆ ಪಾಯಿಂಟರ್‌ಗಳನ್ನು ಇಳಿಸುವಂತೆ ತಮ್ಮನ್ನು ವಾಯ್ಡ್ ಪಾಯಿಂಟರ್ ಮಟ್ಟಕ್ಕೆ ಇಳಿಸಲು ಭಾಷೆ ಒಪ್ಪುವುದಿಲ್ಲ. ತಮ್ಮಂಥ ಇಬ್ಬರನ್ನು ಹೋಲಿಸಿ ನೋಡಿದರೆ, ಅವರಲ್ಲೊಬ್ಬರು ವರ್ಚುವಲ್ ಆಗಿದ್ದ ಪಕ್ಷದಲ್ಲಿ ಉತ್ತರ ಇಂಥದ್ದೇ ಆಗಬೇಕೆಂದು ಭಾಷೆಯ ಮಾನಕ ನಿಗದಿ ಮಾಡಿಲ್ಲ. ತಾವು ನಿಜಕ್ಕೂ ಖಾಲಿ ಇದ್ದಾಗ ಮೊದಲ ಅರ್ಧ ಸೊನ್ನೆ. ತಮ್ಮ ದಾಯಾದಿ, ಅಂದರೆ ದತ್ತಾಂಶದ ಕಡೆಗೆ ಬೆರಳು ತೋರುವ ಮೆಂಬರ್ ಪಾಯಿಂಟರ್, ಖಾಲಿ ಇದ್ದಾಗ ಮೈನಸ್ ಒಂದು. ಅವರಲ್ಲಿ ಸೊನ್ನೆ ಎಂದರೆ ಆಬ್ಜೆಕ್ಟಿನ ಮೊದಲ ಬೈಟ್, ಮಾನ್ಯವಾದ ಜಾಗ. ಒಂದೇ ಮನೆತನದಲ್ಲಿ ‘ಏನೂ ಇಲ್ಲ’ ಎನ್ನುವುದಕ್ಕೂ ಎರಡು ಸಂಪ್ರದಾಯ!

ಹೀಗೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಡೀಬಗರ್ ಮೊರೆಹೋದೆವು. ನನ್ನ ಅಹವಾಲು ಶುರುವಾಗುವುದೇ ಇಲ್ಲಿ, ಮಹಾಸ್ವಾಮಿ. ಪ್ರೋಗ್ರಾಂ ಓಡುತ್ತಿರುವಾಗ ಮಧ್ಯೆ ನಿಲ್ಲಿಸಿ ಒಳಗಿನದನ್ನು ತೋರಿಸುವವರು ಡೀಬಗರ್. ಅವರಿಗೆ ಕಣ್ಣು ಕೊಡುವುದು ಕಂಪೈಲರ್ ಬರೆದಿಟ್ಟ ಡೀಬಗ್ ಮಾಹಿತಿ. ಲಿನಕ್ಸ್ ಲೋಕದಲ್ಲಿ ಆ ದಾಖಲೆಯ ಪದ್ಧತಿ ಡ್ವಾರ್ಫ್. 1993ರ ಎರಡನೇ ಆವೃತ್ತಿಯಲ್ಲೇ ತಮ್ಮ ಮನೆತನಕ್ಕೆ ಪ್ರತ್ಯೇಕ ಆಸನ ಹಾಕಿ, ‘ಪಾಯಿಂಟರ್ ಟು ಮೆಂಬರ್’ ಎಂದು ಫಲಕ ತೂಗುಹಾಕಿದ್ದರು. 2005ರಲ್ಲಿ ಮೂರನೆಯ ಆವೃತ್ತಿ, 2010ರಲ್ಲಿ ನಾಲ್ಕನೆಯದು, 2017ರಲ್ಲಿ ಐದನೆಯದು ಬಂದವು. ಆಸನ ಹಾಗೇ ಇದೆ. ತಾವು ಯಾವ ಕ್ಲಾಸಿಗೆ ಸೇರಿದವರು, ಯಾವ ಬಗೆಯ ಫಂಕ್ಷನ್ ತೋರಿಸುತ್ತೀರಿ ಎಂಬುದನ್ನೂ ಅಲ್ಲಿ ಬರೆಯಬಹುದು. ಆದರೆ ಆ 16 ಬೈಟುಗಳನ್ನು ಓದುವುದು ಹೇಗೆ, ಬೆಸಸಂಖ್ಯೆಗೆ ಅರ್ಥವೇನು, ಹೊಂದಾಣಿಕೆಯನ್ನು ಇಮ್ಮಡಿಸಿದೆಯೇ ಇಲ್ಲವೇ ಎಂಬುದು ಆ ದಾಖಲೆಯಲ್ಲಿಲ್ಲ. ಪಹಣಿಯಲ್ಲಿ ಖಾತೆದಾರರ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಇದ್ದು, ಹೊಲಕ್ಕೆ ಹೋಗುವ ದಾರಿ ಮಾತ್ರ ಶಾನುಭೋಗರ ತಲೆಯಲ್ಲಿದ್ದ ಹಾಗೆ.

ದಾರಿ ಬರೆಯಲು ಜಾಗವೇ ಇರಲಿಲ್ಲ ಎಂದು ತಾವು ಹೇಳುವಂತಿಲ್ಲ. ‘ಯೂಸ್ ಲೊಕೇಶನ್’ ಎಂಬ ಅಂಕಣವೊಂದು ಅಲ್ಲಿದೆ. ಮೆಂಬರ್ ಪಾಯಿಂಟರ್‌ನ ಬೆಲೆಯನ್ನೂ ಆಬ್ಜೆಕ್ಟಿನ ವಿಳಾಸವನ್ನೂ ಒಂದು ಸ್ಟ್ಯಾಕ್ ಮೇಲೆ ಇಟ್ಟರೆ, ಮುಂದೆ ಏನೇನು ಲೆಕ್ಕ ಮಾಡಿ ಗುರಿ ಮುಟ್ಟಬೇಕೆಂಬ ಸೂತ್ರವನ್ನು ಅಲ್ಲಿ ಬರೆಯಬಹುದು. ತಮ್ಮ ದಾಯಾದಿಗೆ ಈ ಸೂತ್ರ ಒಂದೇ ಮಾತು: ಎರಡನ್ನೂ ಕೂಡಿಸು. ತಮ್ಮ ವಿಚಾರಕ್ಕೆ ಬಂದಾಗ ತಮ್ಮ ಘನಗಾತ್ರವೇ ಅಡ್ಡ ಬಂತು. ಆ ಸ್ಟ್ಯಾಕಿನ ಒಂದೊಂದು ಮೆಟ್ಟಿಲೂ ರೂಢಿಯಲ್ಲಿ ಒಂದು ವಿಳಾಸದಷ್ಟು ಅಗಲ. 16 ಬೈಟಿನ ತಾವು ಅದರ ಮೇಲೆ ಹೇಗೆ ತಾನೇ ಆಸೀನರಾದೀರಿ? ಕಷ್ಟಪಟ್ಟು ಕೂರಿಸಿದರೂ ಸೂತ್ರದಿಂದ ಬರುವುದು ಒಂದೇ ಉತ್ತರ. ತಮ್ಮನ್ನು ಕರೆಯಲು ಬೇಕಾದದ್ದು ಎರಡು: ಫಂಕ್ಷನ್ನಿನ ವಿಳಾಸ ಮತ್ತು ಸರಿಸಿದ ‘ದಿಸ್’. ಮಾನಕ ಬರೆಯುವವರಿಗೂ ಪೂರ್ತಿ ಸಿಗದಂತೆ ಉಳಿದ ತಮ್ಮ ಜಾಣತನ ಮೆಚ್ಚಬೇಕಾದ್ದೇ.

ಆಸನ ಇದ್ದರೂ ಜಿಸಿಸಿ ಕಂಪೈಲರ್ ಬಹುಕಾಲ ತಮ್ಮನ್ನು ಅದರ ಮೇಲೆ ಕೂರಿಸಲಿಲ್ಲ. ಹೆಸರಿಲ್ಲದ ಒಂದು ಸಾಮಾನ್ಯ ಸ್ಟ್ರಕ್ಟ್ ಎಂದು ತಮ್ಮನ್ನು ಬರೆಯಿತು. ಒಳಗೆ ಎರಡು ಸದಸ್ಯರು, ‘ಪಿಎಫ್‌ಎನ್’ ಮತ್ತು ‘ಡೆಲ್ಟಾ’, ಇಬ್ಬರ ಹೆಸರಿನ ಮುಂದೂ ಎರಡೆರಡು ಅಡಿಗೆರೆ. ಜಿಡಿಬಿ ಡೀಬಗರ್ ಆ ಸ್ಟ್ರಕ್ಟನ್ನು ಎದುರಿಗಿಟ್ಟುಕೊಂಡು ಲಕ್ಷಣ ಪರೀಕ್ಷೆ ಮಾಡುತ್ತದೆ: ಸದಸ್ಯರು ಇಬ್ಬರೇ ಏನು, ಹೆಸರು ಅವೇ ಏನು, ಮೊದಲನೆಯವರು ಫಂಕ್ಷನ್ ತೋರಿಸುತ್ತಾರೇನು, ಆ ಫಂಕ್ಷನ್ನಿನ ಮೊದಲ ಆರ್ಗ್ಯುಮೆಂಟ್ ಒಂದು ಕ್ಲಾಸಿನ ಪಾಯಿಂಟರ್ ಏನು. ಎಲ್ಲ ಕೂಡಿಬಂದರೆ ‘ಓಹೋ, ಮಹಾಸ್ವಾಮಿಗಳು ಮಾರುವೇಷದಲ್ಲಿ ಬಂದಿದ್ದಾರೆ’ ಎಂದು ಎದ್ದು ನಿಲ್ಲುತ್ತದೆ. ಎರಡು ಅಡಿಗೆರೆಯ ಹೆಸರುಗಳನ್ನು ಕಂಪೈಲರ್ ವರ್ಗದವರ ಹೊರತು ಬೇರೆಯವರು ಇಡಬಾರದೆಂಬ ನಿಯಮವೇ ಈ ಇಡೀ ಗುರುತಿನ ವ್ಯವಸ್ಥೆಗಿರುವ ಕಾವಲು. ಈ ಒಳಒಪ್ಪಂದ ಗೊತ್ತಿರದ ಬೇರೆ ಉಪಕರಣಗಳಿಗೆ ಕಾಣುವುದು ಎರಡು ಬೋಳು ಸಂಖ್ಯೆ ಮಾತ್ರ. ಅನಧಿಕೃತರಿಗೆ ದರ್ಶನವಿಲ್ಲ ಎಂಬುದು ತಮ್ಮ ಮಠದ ನಿಯಮವಿರಬೇಕು.

ಕ್ಲ್ಯಾಂಗ್ ಕಂಪೈಲರ್ ತಮ್ಮನ್ನು ಸರಿಯಾದ ಆಸನದ ಮೇಲೆಯೇ ಕೂರಿಸುತ್ತದೆ. ಫಲಕ ಇದೆ, ಕ್ಲಾಸಿನ ಹೆಸರಿದೆ. ಒಳಗಿನ ಎರಡು ಅರ್ಧಗಳ ಪ್ರಸ್ತಾಪವೇ ಇಲ್ಲ. ಉಳಿದದ್ದನ್ನು ಡೀಬಗರ್ ಎಬಿಐ ಓದಿಕೊಂಡು ಬಂದಿರಬೇಕು. ಅಂದರೆ ಒಬ್ಬರು ಅಂಗಾಂಗ ಬರೆದು ಹೆಸರು ಬಿಟ್ಟರು, ಇನ್ನೊಬ್ಬರು ಹೆಸರು ಬರೆದು ಅಂಗಾಂಗ ಬಿಟ್ಟರು. ಇದರಲ್ಲಿರುವ ಸೊಗಸನ್ನು ತಾವೇ ಗಮನಿಸಬೇಕು: ಜಿಸಿಸಿ ಮತ್ತು ಕ್ಲ್ಯಾಂಗ್ ಹುಟ್ಟಿಸಿದ ತಮ್ಮ 16 ಬೈಟುಗಳಲ್ಲಿ ಒಂದು ಬಿಟ್ಟಿನಷ್ಟೂ ವ್ಯತ್ಯಾಸವಿಲ್ಲ. ಒಬ್ಬರ ಕೋಡಿನಲ್ಲಿ ಹುಟ್ಟಿ ಇನ್ನೊಬ್ಬರ ಕೋಡಿನಲ್ಲಿ ಓಡಾಡಿಕೊಂಡು ನಿರಾತಂಕವಾಗಿ ಕೆಲಸ ಮಾಡುತ್ತೀರಿ. ಯಂತ್ರದ ಮುಂದೆ ಇಬ್ಬರೂ ಒಂದೇ ಸತ್ಯ ನುಡಿಯುತ್ತಾರೆ. ಮನುಷ್ಯರು ಓದುವ ದಾಖಲೆ ಬರೆಯುವಾಗ ಮಾತ್ರ ಬಹುಕಾಲ ಒಬ್ಬೊಬ್ಬರದು ಒಂದೊಂದು ಹೇಳಿಕೆಯಾಗಿತ್ತು.

ಮೈಕ್ರೋಸಾಫ್ಟಿನ ಬಗ್ಗೆ ಮೇಲೆ ಆಡಿದ ಮಾತಿಗೆ ಇಲ್ಲೊಂದು ಸಮತೂಕ ಕೊಡಬೇಕು. ಅಲ್ಲಿನ ಡೀಬಗ್ ದಾಖಲೆಯಲ್ಲಿ ತಮ್ಮ ಬಗೆಯನ್ನು ಬರೆಯಲೆಂದೇ ಒಂದು ಅಂಕಣವಿದೆ: ಒಂಟಿ ಮೂಲವೋ, ಹಲವು ಮೂಲವೋ, ವರ್ಚುವಲ್ ಮೂಲವೋ, ಸರ್ವಸಾಧಾರಣವೋ. ಅಷ್ಟು ವೇಷ ಹಾಕುವ ಸೀಮೆಯಲ್ಲಿ ಯಾವ ವೇಷ ಎಂಬುದನ್ನಾದರೂ ಬರೆದಿಟ್ಟಿದ್ದಾರೆ. ಬರೆಯಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಜಿಡಿಬಿ ತಮ್ಮನ್ನು ಗುರುತಿಸಿದ ದಿನ ನಮಗೆ ಹಬ್ಬ. ನಾನು ಕೋಡಿನಲ್ಲಿ ಎಂದೂ ಬರೆಯದ ‘ದಿಸ್’ ಕೂಡ ತಮ್ಮ ಟೈಪಿನಲ್ಲಿ ಮೊದಲ ಆರ್ಗ್ಯುಮೆಂಟ್ ಆಗಿ ಪ್ರತ್ಯಕ್ಷವಾಗುತ್ತದೆ. ಸಾಧಾರಣ ಫಂಕ್ಷನ್ನಾದರೆ ವಿಳಾಸ, ಹೆಸರು ಎರಡೂ ಬರುತ್ತವೆ; ಹೊಂದಾಣಿಕೆ ಇದ್ದರೆ ‘ದಿಸ್ ಅಡ್ಜಸ್ಟ್‌ಮೆಂಟ್’ ಎಂದು ಸಂಖ್ಯೆ ಸಮೇತ ಅಪ್ಪಣೆಯಾಗುತ್ತದೆ. ವರ್ಚುವಲ್ ಆದರೆ ‘ವರ್ಚುವಲ್’ ಎಂಬ ಬಿರುದಿನೊಂದಿಗೆ ಹೆಸರು ಬರುತ್ತದೆ. ಆದರೆ ಅದು ಸ್ಥಾನದ ಹೆಸರೇ ಹೊರತು, ಕರೆದಾಗ ಓಗೊಡುವವರ ಹೆಸರಲ್ಲ. ಓಗೊಡುವವರು ಯಾರೆಂಬುದು ಆಬ್ಜೆಕ್ಟ್ ಬಂದ ಮೇಲೆ, ಅದರ ವಿಟೇಬಲ್ ಬಿಚ್ಚಿದ ಮೇಲೆ. ಇದನ್ನು ದೂರೆಂದು ತಿಳಿಯಬೇಡಿ. ವರ್ಚುವಲ್ ಧರ್ಮವೇ ಹಾಗೆ. ಇನ್ನು ಆಪ್ಟಿಮೈಸೇಶನ್ ಹಚ್ಚಿ ಕಟ್ಟಿದ ಪ್ರೋಗ್ರಾಮಿನಲ್ಲಿ ‘ಆಪ್ಟಿಮೈಸ್ಡ್ ಔಟ್’ ಎಂಬ ಒಂದೇ ಸಾಲಿನಲ್ಲಿ ತಾವು ಐಕ್ಯರಾಗುವುದೂ ಉಂಟು.

ತಮ್ಮ ಸೇವೆಗೆ ಅನರ್ಹರೆಂದು ಬಗೆದು ನಮ್ಮಲ್ಲಿ ಅನೇಕರು 2011ರ ನಂತರ ಲ್ಯಾಂಬ್ಡಾ ಮತ್ತು ‘ಎಸ್‌ಟಿಡಿ ಫಂಕ್ಷನ್’ ಎಂಬ ಸುಲಭದ ದೇವರುಗಳಿಗೆ ಒಕ್ಕಲಾದರು. ಅಲ್ಲಿಯೂ ತಮ್ಮ ಲೀಲೆಯೇ. ಜಿಸಿಸಿ ಜೊತೆಗೆ ಬರುವ ಲೈಬ್ರರಿಯಲ್ಲಿ ಆ ಎಸ್‌ಟಿಡಿ ಫಂಕ್ಷನ್ನಿನ ಒಡಲು ಬಗೆದು ನೋಡಿದರೆ, ಅದರ ಉಗ್ರಾಣದ ಅಳತೆಗೆ ಇಟ್ಟಿರುವುದು ತಮ್ಮದೇ ಒಂದು ಮೂರ್ತಿ. ಅದೂ ಎಂಥ ಕ್ಲಾಸಿನ ಮೆಂಬರ್ ಫಂಕ್ಷನ್ ಪಾಯಿಂಟರ್? ‘ಅನ್‌ಡಿಫೈನ್ಡ್ ಕ್ಲಾಸ್’ ಎಂದು ಹೆಸರಿಟ್ಟು, ಎಲ್ಲೂ ವ್ಯಾಖ್ಯಾನಿಸದೆ ಬಿಟ್ಟ ಕ್ಲಾಸಿನದು. ಆ ಉಗ್ರಾಣ 16 ಬೈಟ್ ಇರುವುದು ತಾವು 16 ಬೈಟ್ ಇರುವುದರಿಂದ. ಕ್ಯೂಟಿ ಬಳಸಿ ಕಿಟಕಿ ಗುಂಡಿ ಕಟ್ಟುವವರಂತೂ 2012ರ ಐದನೆಯ ಆವೃತ್ತಿಯಿಂದ ಪ್ರತಿ ಗುಂಡಿಗೂ ತಮ್ಮನ್ನೇ ಆವಾಹಿಸುತ್ತಿದ್ದಾರೆ. ಹಾಗಾಗಿ ಭಕ್ತರು ಕೈಬಿಟ್ಟರೆಂಬ ಚಿಂತೆ ತಮಗೆ ಬೇಡ. ಬಿಟ್ಟೆವೆಂದುಕೊಂಡವರ ಕಾಲ್‌ಬ್ಯಾಕ್‌ಗಳಲ್ಲೂ ತಾವೇ ಕೂತಿದ್ದೀರಿ.

ಆದಕಾರಣ ಸನ್ನಿಧಾನದಲ್ಲಿ ಈ ಕೆಳಕಂಡ ಮೂರು ಪ್ರಾರ್ಥನೆ. ಒಂದು, ಒಂದೇ ಎಬಿಐ ಪಾಲಿಸುವ ಕಂಪೈಲರ್‌ಗಳೆಲ್ಲ ಡೀಬಗ್ ದಾಖಲೆಯಲ್ಲಿ ತಮ್ಮನ್ನು ಒಂದೇ ರೂಪದಲ್ಲಿ ಬರೆಯುವಂತೆ ಪ್ರೇರೇಪಿಸಬೇಕು. ಎರಡು, ವರ್ಚುವಲ್ ಗುರುತು ಮೊದಲ ಅರ್ಧದಲ್ಲಿದೆಯೋ ಎರಡನೆಯದರಲ್ಲೋ, ಹೊಂದಾಣಿಕೆಯನ್ನು ಇಮ್ಮಡಿಸಿದೆಯೋ ಇಲ್ಲವೋ ಎಂಬ ಒಂದು ಸಾಲನ್ನು ಆ ದಾಖಲೆಯಲ್ಲೇ ಸೇರಿಸಲು ಅಪ್ಪಣೆ ಕೊಡಬೇಕು. ಮೂರು, ಕರೆಗೆ ಬೇಕಾದ ಎರಡು ಉತ್ತರಗಳನ್ನೂ ಕೊಡಬಲ್ಲ ಸೂತ್ರಕ್ಕೆ ಡ್ವಾರ್ಫ್‌ನ ಮುಂದಿನ ಆವೃತ್ತಿಯಲ್ಲಿ ಜಾಗ ಸಿಗುವಂತೆ ಹರಸಬೇಕು. ತಮ್ಮ ಗಾತ್ರ ಕುಗ್ಗಲಿ ಎಂದು ಕೇಳುತ್ತಿಲ್ಲ, ಬೆಸಸಂಖ್ಯೆಯ ವ್ರತ ಬಿಡಿ ಎಂದೂ ಕೇಳುತ್ತಿಲ್ಲ. ಎಷ್ಟು ಬೇಕಾದರೂ ಜಟಿಲರಾಗಿರಿ, ತಮಗೆ ಆ ಹಕ್ಕಿದೆ. ಆ ಜಟಿಲತೆಯನ್ನು ಕಂಪೈಲರ್ ಬಲ್ಲದು. ಬಲ್ಲದ್ದನ್ನು ಊಹೆಗೆ ಬಿಡದೆ ಬರೆದಿಡಲಿ ಎಂಬುದಷ್ಟೇ ನಮ್ಮ ಕೋರಿಕೆ.

ಹೆಚ್ಚುಕಡಿಮೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು; 16 ಬೈಟಿನಲ್ಲಿ ಜಾಗಕ್ಕೇನೂ ಕೊರತೆಯಿಲ್ಲ.

ಇತಿ ತಮ್ಮ ವಿಧೇಯ,
ಒಬ್ಬ ಸಿ++ ಪ್ರೋಗ್ರಾಮರ್

ಪ್ರತಿಗಳು:
ಕಂಪೈಲರ್ ಮಹಾಶಯರಿಗೆ, ಸೂಕ್ತ ಕ್ರಮಕ್ಕಾಗಿ.
ಡೀಬಗರ್ ಅವರಿಗೆ, ಮಾಹಿತಿಗಾಗಿ. ಇಷ್ಟು ವರ್ಷ ಅವರಿಗೆ ಪೂರ್ತಿಯಾಗಿ ಸಿಗದಿರುವುದು ಅದೊಂದೇ.